ಕರೆ ತಪ್ಪಿದರೂ ಮಾತು ತಪ್ಪದಿರಲಿ: ಸ್ಮಾರ್ಟ್‌ಫೋನಿನಲ್ಲಿ ಧ್ವನಿ ಅಂಚೆ

ಮಕ್ಕಳನ್ನು ನೋಡಲೆಂದು ಅಮೆರಿಕಕ್ಕೆ ಹೋಗಿ ನಾಲ್ಕಾರು ತಿಂಗಳು ಇದ್ದು ಬರುವ ಹಿರಿಯರು ಈಗ ನಮ್ಮ ನಾಡಿನ ಅನೇಕ ಊರುಗಳಲ್ಲಿದ್ದಾರೆ. ಅಲ್ಲಿ ಇಳಿದ ಮರುದಿನವೇ ಮಗನೋ ಮಗಳೋ ಆ ದೇಶದ ಸಿಮ್ ಹಾಕಿದ ಫೋನೊಂದನ್ನು ಕೈಗಿತ್ತು ಕೆಲಸಕ್ಕೆ ಹೊರಡುತ್ತಾರೆ. ಆ ಫೋನಿನಲ್ಲಿ ಮಾಡಬೇಕಾದ ಒಂದು ಸಣ್ಣ ಏರ್ಪಾಡನ್ನು ಮಾತ್ರ ಯಾರೂ ನೆನಪಿಸುವುದಿಲ್ಲ. ಕಾರ್ಯಕ್ರಮದಲ್ಲಿ ಸಮಯದ ಅಭಾವದಿಂದ ವಿವರವಾಗಿ ಹೇಳಲಾಗದ ಆ ವಿಷಯವನ್ನು ಇಲ್ಲಿ ಕೊಟ್ಟಿದ್ದೇನೆ.

ನನಗೇ ಆದ ಅನುಭವ ಇದು. ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದಾಗ ನನ್ನಾಕೆಯ ರಕ್ತಪರೀಕ್ಷೆ ಆಯಿತು. ಚಿಕಿತ್ಸಾಲಯದವರಿಗೆ ನಮ್ಮ ಹೊಸ ಫೋನಿನ ಸಂಖ್ಯೆಯನ್ನು ಕೊಟ್ಟಿದ್ದೆವು. ಅವರು ಎರಡು ಬಾರಿ ಕರೆ ಮಾಡಿದರಂತೆ. ಅಪರಿಚಿತ ಸಂಖ್ಯೆ ಎಂದು ನಾವು ಎತ್ತಲಿಲ್ಲ. 'ಈ ಚಂದಾದಾರರು ಧ್ವನಿ ಅಂಚೆಪೆಟ್ಟಿಗೆಯನ್ನು ಇನ್ನೂ ಸಿದ್ಧಪಡಿಸಿಲ್ಲ' ಎಂದು ಯಂತ್ರ ಅವರಿಗೆ ತಿಳಿಸಿ ಕರೆಯನ್ನು ಮುಗಿಸಿತು. ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಿದೆ, ರಕ್ತದೊತ್ತಡದ ಒಂದು ಮಾತ್ರೆಯನ್ನು ಕೂಡಲೇ ನಿಲ್ಲಿಸಬೇಕು ಎಂಬ ವಿಷಯ ನಮಗೆ ತಿಳಿದದ್ದು ಮೂರು ದಿನಗಳ ನಂತರ, ಮಗಳು ತಾನಾಗಿ ವಿಚಾರಿಸಿದಾಗ. ದೇವರ ದಯೆಯಿಂದ ಅಪಾಯವೇನೂ ಆಗಲಿಲ್ಲ. ಆದರೆ ಹತ್ತು ನಿಮಿಷದ ಕೆಲಸವನ್ನು ಮಾಡದೆ ಬಿಟ್ಟದ್ದರ ಬೆಲೆ ಏನಾಗಬಹುದಿತ್ತು ಎಂಬುದು ಮನವರಿಕೆಯಾಯಿತು.

ನಮ್ಮಲ್ಲಿ ಕರೆ ತಪ್ಪಿದರೆ ಮತ್ತೆ ಮಾಡುತ್ತಾರೆ, ಇಲ್ಲವೇ ವಾಟ್ಸಾಪ್‌ನಲ್ಲಿ ಸಂದೇಶ ಬಿಡುತ್ತಾರೆ. ಅಮೆರಿಕದಲ್ಲಿ ಹಾಗಲ್ಲ. ಆಸ್ಪತ್ರೆ, ಶಾಲೆ, ಬ್ಯಾಂಕು, ಕೆಲಸಕ್ಕೆ ಸಂದರ್ಶನ ಮಾಡುವವರು, ಎಲ್ಲರೂ ಧ್ವನಿ ಅಂಚೆಯಲ್ಲಿ ಮಾತು ಬಿಟ್ಟು, ವಿಷಯ ಮುಟ್ಟಿತೆಂದು ಭಾವಿಸುವುದು ವಾಡಿಕೆ.

ಸಂದೇಶ ಇರುವುದೆಲ್ಲಿ?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಿಕೊಳ್ಳಬೇಕು. ಧ್ವನಿ ಅಂಚೆಯ ಸಂದೇಶ ಮೂಲತಃ ದಾಖಲಾಗುವುದು ನಮ್ಮ ಕೈಯಲ್ಲಿರುವ ಫೋನಿನಲ್ಲಲ್ಲ, ದೂರವಾಣಿ ಕಂಪನಿಯ ಕಂಪ್ಯೂಟರಿನಲ್ಲಿ. ಫೋನು ಆರಿಹೋಗಿದ್ದರೂ ಸಂದೇಶ ದಾಖಲಾಗುವುದು ಇದೇ ಕಾರಣದಿಂದ. ಪೆಟ್ಟಿಗೆ ಕಂಪನಿಯ ಅಂಗಳದಲ್ಲಿದೆ, ಬೀಗದ ಕೈ ಮಾತ್ರ ನಮ್ಮದು. ಈ ಒಂದು ಸಂಗತಿಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಇಂಥ ವ್ಯವಸ್ಥೆಯೊಂದಕ್ಕೆ ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್ ಅವರು 1979ರಲ್ಲಿ ಅರ್ಜಿ ಹಾಕಿ 1983ರಲ್ಲಿ ಪೇಟೆಂಟ್ ಪಡೆದರು. ಆಗ ಅದು ದೊಡ್ಡ ಕಚೇರಿಗಳ ಸೌಲಭ್ಯವಾಗಿತ್ತು. 2007ರಲ್ಲಿ ಬಂದ ಮೊದಲ ಐಫೋನಿನಲ್ಲಿ ಸಂದೇಶಗಳನ್ನು ಪಟ್ಟಿಯಾಗಿ ಪರದೆಯ ಮೇಲೆ ನೋಡಿ, ಬೇಕಾದದ್ದನ್ನು ಮೊದಲು ಕೇಳುವ ಅನುಕೂಲವಾಯಿತು. ಇದನ್ನು 'ವಿಷುವಲ್ ವಾಯ್ಸ್‌ಮೇಲ್' ಎನ್ನುತ್ತಾರೆ.

ಕರೆ ಪೆಟ್ಟಿಗೆಗೆ ಹೋಗುವ ಬಗೆ ಹೀಗಿದೆ. ನಾವು ಎತ್ತದಿದ್ದಾಗ, ಬೇರೆ ಕರೆಯಲ್ಲಿದ್ದಾಗ ಅಥವಾ ಫೋನು ಜಾಲಕ್ಕೆ ಸಿಗದಿದ್ದಾಗ, ಈ ಮೂರು ಸಂದರ್ಭಗಳಲ್ಲಿ ಕಂಪನಿಯ ಸ್ವಿಚ್ ಕರೆಯನ್ನು ಪೆಟ್ಟಿಗೆಯ ಸಂಖ್ಯೆಗೆ ತಿರುಗಿಸುತ್ತದೆ. ಅಲ್ಲಿ ನಮ್ಮ ಸ್ವಾಗತದ ಮಾತು ಕೇಳಿಸಿ, 'ಬೀಪ್' ಎಂಬ ಶಬ್ದವಾದ ಮೇಲೆ ಎದುರಿನವರ ಮಾತು ದಾಖಲಾಗುತ್ತದೆ. ಅನಂತರ ನಮ್ಮ ಫೋನಿಗೆ ಸೂಚನೆ ಬರುತ್ತದೆ.

ಸಿದ್ಧಪಡಿಸುವ ಕ್ರಮ

ಐಫೋನಿನಲ್ಲಿ 'ಫೋನ್' ಎಂಬ ಹಸಿರು ಚಿತ್ರವನ್ನು ಒತ್ತಿ, 'ವಾಯ್ಸ್‌ಮೇಲ್' ಎಂಬುದನ್ನು ಆರಿಸಬೇಕು. ಹಳೆಯ ಆವೃತ್ತಿಗಳಲ್ಲಿ ಅದು ಪರದೆಯ ಕೆಳಭಾಗದಲ್ಲಿರುತ್ತದೆ, ಹೊಸವುಗಳಲ್ಲಿ ಬೇರೆಡೆ ಇರಬಹುದು. ಮೊದಲ ಬಾರಿಗೆ 'ಸೆಟ್ ಅಪ್ ನೌ' ಎಂದು ಕಾಣಿಸುತ್ತದೆ. ಅದನ್ನು ಒತ್ತಿ, ಗುಪ್ತಸಂಖ್ಯೆಯೊಂದನ್ನು ಎರಡು ಬಾರಿ ಕೊಡಬೇಕು. ಮುಂದೆ ಸ್ವಾಗತದ ಮಾತು. 'ಡಿಫಾಲ್ಟ್' ಎಂದರೆ ಕಂಪನಿಯ ಸಿದ್ಧ ಧ್ವನಿ, 'ಕಸ್ಟಮ್' ಎಂದರೆ ನಮ್ಮದೇ ಧ್ವನಿ. 'ರೆಕಾರ್ಡ್' ಒತ್ತಿ ಮಾತಾಡಿ, 'ಸ್ಟಾಪ್' ಒತ್ತಿ, ಒಮ್ಮೆ ಕೇಳಿ ನೋಡಿ 'ಸೇವ್' ಮಾಡಿದರೆ ಕೆಲಸ ಮುಗಿಯಿತು.

ಆಂಡ್ರಾಯ್ಡ್ ಫೋನುಗಳಲ್ಲಿ ಸಂಖ್ಯೆ ಒತ್ತುವ ಫಲಕವನ್ನು ತೆರೆದು 1ನ್ನು ಸ್ವಲ್ಪ ಹೊತ್ತು ಅದುಮಿ ಹಿಡಿಯಬೇಕು. ಕರೆ ಪೆಟ್ಟಿಗೆಗೆ ಹೋಗುತ್ತದೆ. ಯಂತ್ರ ಹೇಳಿದಂತೆ ಗುಪ್ತಸಂಖ್ಯೆ ಮತ್ತು ಸ್ವಾಗತದ ಮಾತನ್ನು ದಾಖಲಿಸಬೇಕು. ಮೊದಲ ಬಾರಿಗೆ ಕೆಲವು ಕಂಪನಿಗಳಲ್ಲಿ ನಮ್ಮ ಸಂಖ್ಯೆಯ ಕೊನೆಯ 4 ಅಂಕಿಗಳೇ ಗುಪ್ತಸಂಖ್ಯೆಯಾಗಿರುತ್ತವೆ. ಸಂದೇಶ ಕೇಳುವಾಗ ಅಲ್ಲಿನ ಅನೇಕ ಕಂಪನಿಗಳಲ್ಲಿ 7 ಒತ್ತಿದರೆ ಅಳಿಸಿಹೋಗುತ್ತದೆ, 9 ಒತ್ತಿದರೆ ಉಳಿಯುತ್ತದೆ. ಯಂತ್ರದ ಸೂಚನೆಯನ್ನು ಪೂರ್ತಿ ಕೇಳಿದ ಮೇಲೆಯೇ ಗುಂಡಿ ಒತ್ತುವುದು ಕ್ಷೇಮ.

ಸ್ವಾಗತದ ಮಾತು ಚಿಕ್ಕದಾಗಿರಲಿ. ಹೆಸರು ಹೇಳಿ, ಈಗ ಮಾತಾಡಲಾಗುತ್ತಿಲ್ಲ, ನಿಮ್ಮ ಹೆಸರು ಮತ್ತು ಸಂಖ್ಯೆ ತಿಳಿಸಿ ಎಂದರೆ ಸಾಕು. ಹೆಸರು ಹೇಳುವುದರಿಂದ ಪ್ರಯೋಜನವಿದೆ. ರೋಗಿಯ ವಿವರ ಪರರ ಕಿವಿಗೆ ಬೀಳಬಾರದೆಂಬ ಕಾನೂನು ಅಮೆರಿಕದಲ್ಲಿರುವುದರಿಂದ ಆಸ್ಪತ್ರೆಯವರು ಸಂದೇಶದಲ್ಲಿ ಹೆಚ್ಚು ಹೇಳುವುದಿಲ್ಲ. 'ದಯವಿಟ್ಟು ಕರೆ ಮಾಡಿ' ಎಂದಷ್ಟೇ ಹೇಳಿರಬಹುದು. ಅಂಥ ಸಂದೇಶವನ್ನು ಹಗುರವಾಗಿ ಕಾಣದೆ, ಆಸ್ಪತ್ರೆಯ ಚೀಟಿಯಲ್ಲಿರುವ ಸಂಖ್ಯೆಗೇ ಕರೆ ಮಾಡಿ ವಿಚಾರಿಸಬೇಕು. ಇಂಗ್ಲಿಷಿನ ನಂತರ ಕನ್ನಡದಲ್ಲೂ ಒಂದು ಮಾತು ಸೇರಿಸಬಹುದು. ಆದರೆ 'ನಾವು ಎರಡು ತಿಂಗಳು ಊರಿನಲ್ಲಿಲ್ಲ' ಎಂದು ಹೇಳಬೇಡಿ. ಅದು ಕಳ್ಳನಿಗೆ ಕೊಟ್ಟ ಆಹ್ವಾನ.

ಇನ್ನೊಂದು ಮಾತು. ಬಂದ ಸಂದೇಶವನ್ನು ಅಕ್ಷರಕ್ಕೆ ಇಳಿಸಿ ತೋರಿಸುವ ಸೌಲಭ್ಯ ಈಗ ಹಲವು ಫೋನುಗಳಲ್ಲಿದೆ. ಔಷಧದ ಹೆಸರು, ದಿನಾಂಕ, ಸಂಖ್ಯೆ ಇವುಗಳಲ್ಲಿ ಅದು ತಪ್ಪುವುದುಂಟು. ಇಂಥವನ್ನು ಕಿವಿಯಾರೆ ಕೇಳಿಯೇ ಬರೆದುಕೊಳ್ಳಬೇಕು.

ಎದ್ದು ಬರುವಷ್ಟರಲ್ಲಿ ಕರೆ ಹೋಗಿಬಿಡುತ್ತದೆಯೇ?

ಮಂಡಿನೋವಿನ ಹಿರಿಯರದು ಇದೇ ದೂರು. ಫೋನು ಎಷ್ಟು ಸೆಕೆಂಡು ಬಡಿದುಕೊಂಡ ಮೇಲೆ ಕರೆ ಪೆಟ್ಟಿಗೆಗೆ ಹೋಗಬೇಕೆಂಬುದನ್ನು ಹೆಚ್ಚಿಸಿಕೊಳ್ಳಬಹುದು. ಜಿಎಸ್‌ಎಂ ಪದ್ಧತಿಯ ಜಾಲಗಳಲ್ಲಿ ಇದು 5ರಿಂದ 30 ಸೆಕೆಂಡುಗಳವರೆಗೆ, 5ರ ಅಂತರದಲ್ಲಿ ಇರುತ್ತದೆ. ಫಲಕದಲ್ಲಿ *#61# ಎಂದು ಒತ್ತಿ ಕರೆ ಮಾಡಿದರೆ, ಎತ್ತದ ಕರೆ ಯಾವ ಸಂಖ್ಯೆಗೆ ತಿರುಗುತ್ತಿದೆ ಎಂಬುದು ಪರದೆಯ ಮೇಲೆ ಕಾಣುತ್ತದೆ. ಕೆಲವು ಕಂಪನಿಗಳ ಸಂಕೇತಗಳು ಬೇರೆ ಇರುವುದರಿಂದ, ಸಮಯ ಬದಲಿಸಲು ಕಂಪನಿಯ ಸಹಾಯವಾಣಿಯನ್ನು ಕೇಳಿ 30 ಸೆಕೆಂಡಿಗೆ ಏರಿಸಿಕೊಳ್ಳುವುದು ಒಳ್ಳೆಯದು. ಕರೆ ತಿರುಗುವಿಕೆಯನ್ನು ಪೂರ್ತಿ ರದ್ದುಮಾಡುವ ಸಂಕೇತವನ್ನು ಯಾರಾದರೂ ಹೇಳಿಕೊಟ್ಟರೆ ಯೋಚಿಸಿ ಬಳಸಿ. ಅದರಿಂದ ಪೆಟ್ಟಿಗೆಗೆ ಹೋಗುವ ದಾರಿಯೂ ಮುಚ್ಚಬಹುದು.

ಅಮೆರಿಕದ ಸಿಮ್ ಹಾಕಿಕೊಂಡೇ ಊರಿಗೆ ಬಂದವರು ಗಮನಿಸಬೇಕಾದ ಅಂಶವೊಂದಿದೆ. ಇಲ್ಲಿ ಎತ್ತದ ಕರೆ ಸಮುದ್ರ ದಾಟಿ ಬಂದು ಮತ್ತೆ ಪೆಟ್ಟಿಗೆಗೆ ಹಿಂದಿರುಗುವಾಗ ರೋಮಿಂಗ್ ಶುಲ್ಕ ಬೀಳಬಹುದು. ಹೊರಡುವ ಮುನ್ನವೇ ಕಂಪನಿಯನ್ನು ವಿಚಾರಿಸಿ.

ಬೀಗ ಭದ್ರವಾಗಿರಲಿ

ಗುಪ್ತಸಂಖ್ಯೆಗೆ 1234, 0000, ಹುಟ್ಟಿದ ವರ್ಷ ಇವು ಬೇಡ. ಪೆಟ್ಟಿಗೆಯನ್ನು ಬೇರೆ ಫೋನಿನಿಂದಲೂ ತೆರೆಯಬಹುದಾದ್ದರಿಂದ ಈ ಎಚ್ಚರ ಅಗತ್ಯ. ಬ್ರಿಟನ್ನಿನಲ್ಲಿ 'ನ್ಯೂಸ್ ಆಫ್ ದಿ ವರ್ಲ್ಡ್' ಪತ್ರಿಕೆಯ ಕಡೆಯವರು ಪ್ರಸಿದ್ಧರಷ್ಟೇ ಅಲ್ಲ, ಕೊಲೆಯಾದ ಬಾಲಕಿಯೊಬ್ಬಳ ಧ್ವನಿ ಅಂಚೆಯನ್ನೂ ಕದ್ದು ಕೇಳಿದ್ದು ಬಯಲಾಗಿ, 168 ವರ್ಷಗಳ ಆ ಪತ್ರಿಕೆ 2011ರ ಜುಲೈನಲ್ಲಿ ಮುಚ್ಚಿಹೋಯಿತು. ಬದಲಿಸದೆ ಬಿಟ್ಟ ಸಿದ್ಧ ಗುಪ್ತಸಂಖ್ಯೆಗಳು ಇಂಥ ಕಳ್ಳತನಕ್ಕೆ ಅನುಕೂಲವಾಗಿದ್ದವು. ಇಂದು ಅಪಾಯ ಇನ್ನೊಂದು ರೂಪದಲ್ಲಿದೆ. ಕೆಲವು ಸೇವೆಗಳು ದೃಢೀಕರಣದ ಸಂಖ್ಯೆಯನ್ನು ಕರೆಯ ಮೂಲಕ ಓದಿ ಹೇಳುತ್ತವೆ. ನಾವು ಮಲಗಿದ್ದಾಗ ಆ ಕರೆ ಪೆಟ್ಟಿಗೆಗೆ ಹೋದರೆ, ಪೆಟ್ಟಿಗೆ ತೆರೆಯಬಲ್ಲವನಿಗೆ ನಮ್ಮ ಖಾತೆಯೂ ಸಿಕ್ಕಂತೆಯೇ. ವಾಟ್ಸಾಪ್‌ನಲ್ಲಿ ಎರಡು ಹಂತದ ದೃಢೀಕರಣವನ್ನೂ ಇಟ್ಟುಕೊಂಡರೆ ನಿಶ್ಚಿಂತೆ.

ಕರ್ನಾಟಕದಲ್ಲಿರುವವರು ಧ್ವನಿ ಅಂಚೆಯನ್ನು ಬಳಸುವುದು ಕಡಿಮೆಯಾದರೂ ಇದೇ ಕರೆ ತಿರುಗಿಸುವ ವ್ಯವಸ್ಥೆ ನಮ್ಮಲ್ಲೂ ವಂಚಕರ ಆಯುಧವಾಗಿದೆ. 'ನಕ್ಷತ್ರ 401 ನಕ್ಷತ್ರ ಒತ್ತಿ, ಈ ಸಂಖ್ಯೆ ಹಾಕಿ' ಎಂದು ಹೇಳಿ ನಮ್ಮ ಕರೆಗಳನ್ನೆಲ್ಲ ತಮ್ಮತ್ತ ತಿರುಗಿಸಿಕೊಂಡ ಪ್ರಕರಣಗಳು ನಡೆದವು. ಆ ಬಗೆಯ ಸಂಕೇತದಿಂದ ಕರೆ ತಿರುಗಿಸುವುದನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ಕೇಂದ್ರ ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಆದೇಶಿಸಿತು. ಅಪರಿಚಿತರು ಹೇಳಿದ ಸಂಕೇತವನ್ನು ಎಂದಿಗೂ ಒತ್ತಬಾರದು.

ಉಳಿಸಬೇಕಾದ ಮಾತು

ಕೊನೆಯದು, ಆದರೆ ಮುಖ್ಯವಾದದ್ದು. ಪೆಟ್ಟಿಗೆ ಕಂಪನಿಯದಾದ್ದರಿಂದ ಅದರಲ್ಲಿನ ಮಾತು ಶಾಶ್ವತವಲ್ಲ. ಸಾಮಾನ್ಯವಾಗಿ ಕೆಲವು ವಾರಗಳ ನಂತರ ಹಳೆಯ ಸಂದೇಶಗಳನ್ನು ಯಂತ್ರವೇ ಅಳಿಸುತ್ತದೆ. ಪೆಟ್ಟಿಗೆ ತುಂಬಿದರೆ ಹೊಸ ಸಂದೇಶ ಸೇರುವುದಿಲ್ಲ, ಆದ್ದರಿಂದ ಬೇಡವಾದವನ್ನು ಆಗಾಗ ಅಳಿಸುತ್ತಿರಬೇಕು. ಕಂಪನಿ ಬದಲಿಸಿದರೆ ಅಥವಾ ಸಂಖ್ಯೆಯನ್ನು ಬಿಟ್ಟುಕೊಟ್ಟರೆ ಪೆಟ್ಟಿಗೆಯೇ ಹೋಗುತ್ತದೆ.

ಮಗಳ ನೆರೆಮನೆಯಲ್ಲಿ ಶಿವಮೊಗ್ಗದ ಕಡೆಯ ಹೆಣ್ಣುಮಗಳೊಬ್ಬರಿದ್ದಾರೆ. ಊರಿನಿಂದ ಅವರ ತಂದೆ ಮಾಡಿದ ಕರೆ ತಪ್ಪಿ, 'ಊಟ ಆಯ್ತೇನಮ್ಮಾ, ಪುರುಸೊತ್ತಾದಾಗ ಫೋನ್ ಮಾಡು, ಅವಸರವೇನಿಲ್ಲ' ಎಂಬ ಮಾತು ಪೆಟ್ಟಿಗೆಯಲ್ಲಿತ್ತು. ತಂದೆ ತೀರಿಕೊಂಡ ಮೇಲೆ ಆಕೆ 1ನ್ನು ಅದುಮಿ ಆ ಮಾತನ್ನು ಕೇಳುತ್ತಿದ್ದರು, ಪ್ರತಿ ಬಾರಿಯೂ 9 ಒತ್ತಿ ಉಳಿಸುತ್ತಿದ್ದರು. ಕಡಿಮೆ ಬಾಡಿಗೆಯ ಯೋಜನೆಗೆಂದು ಬೇರೆ ಕಂಪನಿಗೆ ಹೋದ ದಿನ ಅದು ಇಲ್ಲವಾಯಿತು. 'ಅದು ನನ್ನ ಫೋನಿನಲ್ಲೇ ಇದೆ ಅಂದುಕೊಂಡಿದ್ದೆ' ಎಂದರು.

ಆದ್ದರಿಂದ ಉಳಿಸಬೇಕಾದ ಮಾತನ್ನು ಹೊರತೆಗೆದು ಇಟ್ಟುಕೊಳ್ಳಿ. ಐಫೋನಿನಲ್ಲಿ ಸಂದೇಶವನ್ನು ತೆರೆದು, ಮೇಲ್ಮುಖ ಬಾಣವಿರುವ ಚೌಕವನ್ನು ಒತ್ತಿ 'ಫೈಲ್ಸ್'ಗೆ ಸೇರಿಸಬಹುದು, ಮನೆಯವರಿಗೂ ಕಳಿಸಬಹುದು. ಪಟ್ಟಿ ತೋರಿಸುವ ಆಂಡ್ರಾಯ್ಡ್ ಫೋನುಗಳಲ್ಲಿ 'ಶೇರ್' ಅಥವಾ 'ಸೇವ್' ಎಂಬ ಆಯ್ಕೆಯನ್ನು ಹುಡುಕಿ. ಅದೂ ಇಲ್ಲದಿದ್ದರೆ ಸ್ಪೀಕರ್ ಹಾಕಿ ಸಂದೇಶವನ್ನು ನುಡಿಸಿ, ಪಕ್ಕದಲ್ಲಿ ಇನ್ನೊಂದು ಫೋನಿಟ್ಟು ಧ್ವನಿಮುದ್ರಿಸಿಕೊಳ್ಳಿ. ಧ್ವನಿ ಅಷ್ಟು ಚೆನ್ನಾಗಿ ಬರದಿದ್ದರೂ ಮಾತು ಉಳಿಯುತ್ತದೆ.

ಇದನ್ನು ಓದಿ ಮುಗಿಸಿದ ಮೇಲೆ ಒಂದು ಕೆಲಸ ಮಾಡಿ. ಅಮೆರಿಕದಲ್ಲಿ ಮಕ್ಕಳ ಮನೆಯಲ್ಲಿರುವವರು ಇನ್ನೊಂದು ಫೋನಿನಿಂದ ನಿಮ್ಮ ಸಂಖ್ಯೆಗೇ ಕರೆ ಮಾಡಿ, ಎತ್ತದೆ ಬಿಡಿ. ನಿಮ್ಮ ಹೆಸರು ಕೇಳಿಸಿದರೆ ಸರಿ. ಪೆಟ್ಟಿಗೆ ಸಿದ್ಧವಾಗಿಲ್ಲವೆಂದು ಯಂತ್ರ ಹೇಳಿದರೆ, ಮಕ್ಕಳು ಕೆಲಸದಿಂದ ಬಂದ ಕೂಡಲೇ ಪಕ್ಕದಲ್ಲಿ ಕೂರಿಸಿಕೊಂಡು ಮುಗಿಸಿಬಿಡಿ.