ಎಸಿಯ ಗ್ಯಾಸ್ ಖರ್ಚಾಗುವುದಿಲ್ಲ

ಮಾರ್ಚ್ ಕಾಲಿಟ್ಟರೆ ಸಾಕು, ಕಲಬುರಗಿ, ರಾಯಚೂರಿನ ಮನೆಗಳಲ್ಲಿ ಚಳಿಗಾಲವಿಡೀ ಸುಮ್ಮನಿದ್ದ ಎಸಿಗಳ ಸ್ವಿಚ್ ಬೀಳುತ್ತದೆ. ಬಿಸಿಲು 40 ಡಿಗ್ರಿ ದಾಟುವ ಹೊತ್ತಿಗೆ ಮೆಕ್ಯಾನಿಕ್‌ಗಳ ಫೋನಿಗೆ ಬಿಡುವಿರುವುದಿಲ್ಲ. ‘ಗಾಳಿ ಬರ್ತದ್ರಿ, ತಂಪ ಆಗವಲ್ದು’ ಎಂಬ ದೂರಿಗೆ ಸಿಗುವ ಉತ್ತರ ಹಲವು ಸಲ ಒಂದೇ: ‘ಗ್ಯಾಸ್ ಖಾಲಿ ಆಗ್ಯದ, ತುಂಬಸಬೇಕು.’

ಆದರೆ ಎಸಿಯ ಗ್ಯಾಸ್ ಅಡುಗೆ ಸಿಲಿಂಡರಿನದರಂತೆ ಉರಿದು ಮುಗಿಯುವಂಥದ್ದಲ್ಲ. ಕೋಣೆಯೊಳಗಿನ ಕಾಯಿಲ್‌ನಲ್ಲಿ ಅದು ದ್ರವದಿಂದ ಆವಿಯಾಗುತ್ತ ಶಾಖ ಹೀರುತ್ತದೆ. ಆ ಆವಿಯನ್ನು ಕಂಪ್ರೆಸರ್ ಒತ್ತಿ ಹೊರಗಿನ ಕಾಯಿಲ್‌ಗೆ ಕಳಿಸುತ್ತದೆ. ಅಲ್ಲಿ ಶಾಖ ಬಿಟ್ಟು ಮತ್ತೆ ದ್ರವವಾಗಿ ಒಳಗೆ ಬರುತ್ತದೆ. ಮುಚ್ಚಿದ ಕೊಳವೆಯೊಳಗಿನ ಈ ಸುತ್ತಾಟ ಎಷ್ಟು ವರ್ಷ ನಡೆದರೂ ಗ್ಯಾಸ್ ಸವೆಯುವುದಿಲ್ಲ.

ಕಡಿಮೆಯಾಗಿದ್ದರೆ, ಎಲ್ಲೋ ಸೋರಿದೆ.

ಸೋರಿಕೆ ಹುಡುಕದೆ ಗ್ಯಾಸ್ ತುಂಬಿಸಿದರೆ ಮುಂದಿನ ಬೇಸಿಗೆಗೆ ಅದೇ ಬಿಲ್ಲು. ಸರಿಯಾದ ಕ್ರಮ ಬೇರೆಯೇ ಇದೆ. ಕೊಳವೆಗೆ ಒತ್ತಡದಲ್ಲಿ ನೈಟ್ರೋಜನ್ ಬಿಟ್ಟು, ಜಾಯಿಂಟುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ತೂತು ಮುಚ್ಚಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಎರಡನ್ನೂ ಎಳೆದು ತೆಗೆಯಬೇಕು. ಕೊನೆಗೆ, ಯಂತ್ರದ ಮೇಲಿನ ಪಟ್ಟಿಯಲ್ಲಿ ಬರೆದಷ್ಟೇ ಗ್ರಾಂ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬಬೇಕು. ಕರಾವಳಿಯಲ್ಲಿ ಈ ತಪಾಸಣೆ ಇನ್ನೂ ಮುಖ್ಯ. ಮಂಗಳೂರು, ಕಾರವಾರದ ಉಪ್ಪುಗಾಳಿ ಹೊರಗಿನ ಕಾಯಿಲ್‌ನ ಲೋಹವನ್ನೇ ತಿನ್ನುತ್ತದೆ.

ತಂಪಾಗದ ಎಸಿಗಳಲ್ಲೆಲ್ಲ ಗ್ಯಾಸ್ ಸೋರಿರುತ್ತದೆ ಎಂದೂ ಅಲ್ಲ. ಫಿಲ್ಟರಿಗೆ ಧೂಳು ಮೆತ್ತಿದರೆ ಗಾಳಿ ಹರಿಯದೆ ಒಳಗಿನ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ. ಹೊರಗಿನ ಯಂತ್ರದ ಹಿಂದೆ ಪಾರಿವಾಳ ಗೂಡು ಕಟ್ಟಿದರೆ ಬಿಸಿ ಹೊರಹೋಗಲು ದಾರಿಯಿರುವುದಿಲ್ಲ. ಕೆಪಾಸಿಟರ್ ಕೆಟ್ಟರೆ ಕಂಪ್ರೆಸರ್ ಗುಂಯ್‌ಗುಟ್ಟಿ ನಿಂತುಬಿಡುತ್ತದೆ. ಒಳಗಿನ ಯಂತ್ರದಿಂದ ಗೋಡೆಗೆ ನೀರಿಳಿಯುತ್ತಿದ್ದರೆ ಮೊದಲು ನೋಡಬೇಕಾದ್ದು ಪಾಚಿ ಕಟ್ಟಿದ ಡ್ರೈನ್ ಪೈಪನ್ನು.

ಇವುಗಳಲ್ಲಿ ಫಿಲ್ಟರಿನ ಕೆಲಸ ಮನೆಯವರದೇ. ಬಳಸುವ ದಿನಗಳಲ್ಲಿ ಎರಡು ವಾರಕ್ಕೊಮ್ಮೆ ಎಸಿಯ ಮೇನ್ ಸ್ವಿಚ್ ಆಫ್ ಮಾಡಿ, ಫಿಲ್ಟರ್ ಕಳಚಿ, ನಲ್ಲಿ ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ ಹಾಕಿದರಾಯಿತು. ಕೆಪಾಸಿಟರ್ ಮಾತ್ರ ಮುಟ್ಟುವಂತಿಲ್ಲ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ವಿದ್ಯುತ್ ಉಳಿದಿರಬಹುದು.

ಸೋರಿದ ಗ್ಯಾಸಿನ ಬಿಸಿ ಮನೆಯ ಜೇಬಿಗಷ್ಟೇ ತಟ್ಟುವುದಿಲ್ಲ. ಹಳೆಯ ಎಸಿಗಳ ಆರ್-22 ಓಜೋನ್ ಪದರಕ್ಕೆ ಮಾರಕವಾದ್ದರಿಂದ, 1987ರ ಮಾಂಟ್ರಿಯಲ್ ಒಪ್ಪಂದದಡಿ ಅದು ಹಂತಹಂತವಾಗಿ ಬಳಕೆಯಿಂದ ಹೋಗುತ್ತಿದೆ. ಈಗ ಹೆಚ್ಚಾಗಿ ಬರುವ ಆರ್-32 ಓಜೋನಿಗೆ ಹಾನಿ ಮಾಡದು. ಆದರೆ ಅದರ ಒಂದು ಕಿಲೋ ಗಾಳಿಗೆ ಸೇರಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಸುಮಾರು 675 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಬೆಂಕಿ ಹಿಡಿಯುವ ಗುಣವೂ ಅದಕ್ಕೆ ಅಲ್ಪಸ್ವಲ್ಪ ಇದೆ. ಹಾಗಾಗಿ ಗ್ಯಾಸ್ ಇರುವ ಕೊಳವೆಗೇ ಬೆಸುಗೆಯ ಜ್ವಾಲೆ ಹಿಡಿಯಲು ಹೊರಟ ಮೆಕ್ಯಾನಿಕನನ್ನು ಅಲ್ಲೇ ತಡೆಯಬೇಕು. ಒಳಗಿನ ಗ್ಯಾಸನ್ನು ರಿಕವರಿ ಸಿಲಿಂಡರಿಗೆ ಎಳೆದುಕೊಂಡ ನಂತರವೇ ಬೆಸುಗೆ.