ಮೈಸೂರು ರಸ್ತೆಯೆಂದರೆ ಮೈಸೂರಲ್ಲ

ಮಂಡ್ಯ ಜಿಲ್ಲೆಯ ಗೆಜ್ಜಲಗೆರೆ ಕಡೆಯ ಹುಡುಗನೊಬ್ಬ ‘ಐಡಿ ಹೋಗ್ಬುಡ್ತು ಕಣಣ್ಣ’ ಎಂದು ಮುಖ ಸಪ್ಪಗೆ ಮಾಡಿಕೊಂಡರೆ ಅದು ಕಾಲೇಜಿನ ಗುರುತಿನ ಚೀಟಿಯ ಮಾತಲ್ಲ. ಹೋದದ್ದು ಬಿಜಿಎಂಐ ಎಂಬ ಮೊಬೈಲ್ ಆಟದ ಖಾತೆ. ಈ ಆಟ ಭಾರತಕ್ಕೆ ಬಂದದ್ದು 2021ರ ಜುಲೈ 2ರಂದು. ಅಂದಿನಿಂದ ನಿದ್ದೆಗೆಟ್ಟು ಏರಿದ ಟಿಯರ್, ಅಪ್ಪನನ್ನು ಕಾಡಿ ಬೇಡಿ ಯುಸಿ ಎಂಬ ಆಟದ ಹಣ ಹಾಕಿಸಿಕೊಂಡು ಕೊಂಡ ಬಂದೂಕಿನ ಸ್ಕಿನ್, ಎಲ್ಲ ಇನ್ಯಾರದೋ ಪಾಲು.

‘ಆಟ ತಾನೆ, ಹೋದ್ರೆ ಹೋಯ್ತು’ ಎನ್ನುವ ಹಿರಿಯರು ಸ್ವಲ್ಪ ನಿಲ್ಲಬೇಕು. ಈ ಆಟಕ್ಕೆಂದು ಬಹುತೇಕರು ಬೇರೆ ಪಾಸ್‌ವರ್ಡ್ ಇಟ್ಟಿರುವುದಿಲ್ಲ. ಗೂಗಲ್ ಅಥವಾ ಫೇಸ್‌ಬುಕ್ ಖಾತೆಯಿಂದಲೇ ಒಳಗೆ ಹೋಗುತ್ತಾರೆ. ಹಾಗಾಗಿ ಐಡಿ ಹೋಯಿತೆಂದರೆ ಎಷ್ಟೋ ಸಲ ಜಿಮೇಲೇ ಹೋಗಿರುತ್ತದೆ. ಆ ಜಿಮೇಲೋ, ಅಪ್ಪನ ಫೋನಿಗೆ ಮೊಬೈಲ್ ಅಂಗಡಿಯವರು ಮಾಡಿಕೊಟ್ಟದ್ದು. ಮನೆಯವರ ಫೋಟೊ, ಆಧಾರ್ ಪ್ರತಿ, ನೆಂಟರಿಷ್ಟರ ನಂಬರು ಅದರಲ್ಲೇ ಇವೆ. ಮನ್‌ಮುಲ್ ಡೇರಿಯ ಸೀಮೆಯಲ್ಲವೇ, ಹಾಲಿನ ಬಟವಾಡೆ ಜಮೆಯಾದ ಮೆಸೇಜು ಬರುವುದೂ ಅದೇ ಫೋನಿಗೆ.

ಕಳ್ಳ ಇಲ್ಲಿ ಬೀಗ ಒಡೆಯುವುದಿಲ್ಲ, ಗಾಳ ಹಾಕುತ್ತಾನೆ. ಫಿಶಿಂಗ್ ಎಂಬ ಹೆಸರು ಬಂದದ್ದೇ ಮೀನು ಹಿಡಿಯುವುದರಿಂದ. ಗಾಳಕ್ಕೆ ಸಿಕ್ಕಿಸುವ ಎರೆಹುಳು ಒಮ್ಮೆ ಆಸೆ: ‘ನಿಮಗೆ ಉಚಿತ ಯುಸಿ’. ಇನ್ನೊಮ್ಮೆ ಭಯ: ‘ನಿಮ್ಮ ಖಾತೆ 24 ಗಂಟೆಯಲ್ಲಿ ಬ್ಯಾನ್ ಆಗಲಿದೆ, ತಡೆಯಲು ಇಲ್ಲಿ ಒತ್ತಿ’. ನನಗೆ ಕಂಡಂತೆ ಎರಡನೆಯದೇ ಹೆಚ್ಚು ಅಪಾಯಕಾರಿ. ಆಸೆಯ ಮಾತನ್ನು ಹುಡುಗರು ಅನುಮಾನಿಸುತ್ತಾರೆ, ಗಾಬರಿಯಲ್ಲಿ ಅನುಮಾನಕ್ಕೆ ಪುರುಸೊತ್ತೆಲ್ಲಿ?

ಮೇಲ್ ಕಳಿಸಿದವರ ಹೆಸರು ಸರಿಯಾಗೇ ಇತ್ತಲ್ಲ ಎಂದು ಕೇಳುವವರಿದ್ದಾರೆ. ಶಾಲೆಯಲ್ಲಿ ಪತ್ರ ಬರೆಯುವಾಗ ಎಡಗಡೆ ‘ಇಂದ’ ಎಂದು ಹಾಕುತ್ತಿದ್ದೆವು. ಅದರ ಕೆಳಗೆ ಯಾರ ಹೆಸರು ಬರೆದರೂ ಪೋಸ್ಟ್‌ಮ್ಯಾನ್ ಕೇಳುವುದಿಲ್ಲ. ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ 1982ರಲ್ಲಿ ಸಿದ್ಧವಾದಾಗ ಅಲ್ಲಿಯೂ ಇದೇ ಕಥೆ. ಆಮೇಲೆ ಎಸ್‌ಪಿಎಫ್, ಡಿಕಿಮ್ ಎಂಬ ತಪಾಸಣೆಗಳು ಬಂದವು. ಕಂಪನಿಯ ಹೆಸರಲ್ಲಿ ಮೇಲ್ ಕಳಿಸುವ ಹಕ್ಕು ಆ ಸರ್ವರ್‌ಗೆ ಇದೆಯೇ ಎಂದು ನೋಡುತ್ತವೆ. ಕಳ್ಳ ತನ್ನದೇ ಹೊಸ ಹೆಸರು ನೋಂದಾಯಿಸಿಕೊಂಡು ಬಂದರೆ ಅವನೂ ಪಾಸ್.

ಆದ್ದರಿಂದ ನೋಡಬೇಕಾದದ್ದು ಲಿಂಕ್ ಕರೆದೊಯ್ಯುವ ವಿಳಾಸ. ಗೆಜ್ಜಲಗೆರೆಯ ಮುಂದೆ ಹಾದುಹೋಗುವ ಹೆದ್ದಾರಿಯನ್ನೇ ಹಿಡಿದು ಹೋದರೆ ಬೆಂಗಳೂರಿನಲ್ಲಿ ‘ಮೈಸೂರು ರಸ್ತೆ’ ಸಿಗುತ್ತದೆ. ಅಲ್ಲಿ ಇಳಿದು ಅರಮನೆ ಎಲ್ಲಿ ಎಂದು ಯಾರೂ ಕೇಳುವುದಿಲ್ಲ. ವಿಳಾಸದ ಕೊನೆಯಲ್ಲಿ ಬರುವುದೇ ಊರು ಎಂದು ನಮಗೆ ಗೊತ್ತು. ವೆಬ್ ವಿಳಾಸವೂ ಹಾಗೆಯೇ. ‘ಗೂಗಲ್ ಡಾಟ್ ಯಾರದೋಮನೆ ಡಾಟ್ ಕಾಮ್’ ಎಂದಿದ್ದರೆ ಗೂಗಲ್ ಬರೀ ರಸ್ತೆಯ ಹೆಸರು, ಊರು ಯಾರದೋ ಮನೆ. ಮೊದಲ ಒಂಟಿ ಓರೆಗೆರೆಗಿಂತ ಹಿಂದಿನ ಡಾಟ್ ಕಾಮ್, ಅದರ ಬೆನ್ನಿಗಂಟಿದ ಹೆಸರು, ಇವೆರಡೇ ಮುಖ್ಯ.

ಅದನ್ನೂ ಕಣ್ಣು ತಪ್ಪಾಗಿ ಓದುತ್ತದೆ. ಅಕ್ಷರ ಕಲಿಯುವ ಮಗು ‘ಮ’ ಮತ್ತು ‘ವು’ ನಡುವೆ ತಡವರಿಸುವ ಹಾಗೆ, ಇಂಗ್ಲಿಷಿನ ಆರ್ ಮತ್ತು ಎನ್ ಅಕ್ಕಪಕ್ಕ ನಿಂತರೆ ಎಂ ಆಗಿಬಿಡುತ್ತದೆ. ಫೋನಿನ ಸಣ್ಣ ಪರದೆಯಲ್ಲಿ ಕೇಳಲೇಬೇಡಿ. ಬೆಂಗಳೂರಿನ ವಿಪ್ರೊ ಕಂಪನಿಯ ಕೆಲವು ನೌಕರರ ಖಾತೆಗಳೇ ಫಿಶಿಂಗ್‌ಗೆ ಸಿಕ್ಕಿಕೊಂಡಿದ್ದನ್ನು 2019ರ ಏಪ್ರಿಲ್‌ನಲ್ಲಿ ಆ ಕಂಪನಿ ಒಪ್ಪಿಕೊಂಡಿತ್ತು. ದಿನವಿಡೀ ಕಂಪ್ಯೂಟರ್ ಮುಂದೆ ಕೂತವರ ಗತಿಯೇ ಹೀಗಾದರೆ ಒಂಬತ್ತನೇ ಕ್ಲಾಸಿನ ಹುಡುಗನನ್ನು ದಡ್ಡ ಎನ್ನುವುದು ನ್ಯಾಯವಲ್ಲ.

ಒಟಿಪಿ ಇದೆಯಲ್ಲ ಎಂಬ ಧೈರ್ಯವೂ ಅರ್ಧ ಧೈರ್ಯ. ನಕಲಿ ಪುಟದಲ್ಲಿ ನೀವು ಹಾಕಿದ ಪಾಸ್‌ವರ್ಡನ್ನು ಕಳ್ಳನ ಯಂತ್ರ ಆ ಕ್ಷಣವೇ ಅಸಲಿ ಪುಟಕ್ಕೆ ದಾಟಿಸುತ್ತದೆ. ಅಸಲಿ ಕಂಪನಿ ನಿಮಗೆ ನಿಜವಾದ ಒಟಿಪಿ ಕಳಿಸುತ್ತದೆ. ಅದನ್ನೂ ನೀವೇ ನಕಲಿ ಪುಟಕ್ಕೆ ತುಂಬುತ್ತೀರಿ.

ಈ ದಾರಿಯನ್ನು ಮುಚ್ಚುವುದು ಪಾಸ್‌ಕೀ. ಗೂಗಲ್ ಖಾತೆಗಳಿಗೆ ಇದು 2023ರ ಮೇ ತಿಂಗಳಲ್ಲಿ ಬಂತು. ಇದರ ಗುಟ್ಟಿನ ಕೀಲಿಯನ್ನು ನೀವು ಎಲ್ಲೂ ಟೈಪ್ ಮಾಡುವುದಿಲ್ಲ, ಪುಟಕ್ಕೂ ಕೊಡುವುದಿಲ್ಲ. ಅಸಲಿ ಪುಟ ಒಂದು ಸವಾಲು ಕಳಿಸುತ್ತದೆ. ನೀವು ಬೆರಳೊತ್ತಿದರೆ ಫೋನ್ ಅದಕ್ಕೆ ಸಹಿ ಹಾಕಿ ವಾಪಸ್ ಮಾಡುತ್ತದೆ. ಯಾವ ವಿಳಾಸಕ್ಕೆಂದು ಕೀಲಿ ಮಾಡಿಸಿದ್ದೀರೋ ಆ ವಿಳಾಸಕ್ಕೆ ಮಾತ್ರ ಸಹಿ. ಒಂದಕ್ಷರ ಬೇರೆಯಿದ್ದರೂ ಅದು ಮಿಸುಕಾಡದು, ನೀವು ಎಷ್ಟೇ ಗಾಬರಿಯಲ್ಲಿದ್ದರೂ ಸರಿ. ಕಣ್ಣಿಗಿಂತ ಈ ಮೊಂಡುತನವೇ ವಾಸಿ. ಗೂಗಲ್ ಖಾತೆಯ ಸೆಕ್ಯುರಿಟಿ ವಿಭಾಗದಲ್ಲಿ ಐದು ನಿಮಿಷದ ಕೆಲಸ. ಅದಾಗುವ ತನಕ, ಮೇಲ್ ಏನೇ ಹೇಳಲಿ, ಅದರ ಲಿಂಕ್ ಒತ್ತದೆ ಆಟವನ್ನು ನೀವೇ ತೆರೆದು ನೋಡಿ. ಬ್ಯಾನ್ ಆಗಿದ್ದರೆ ಅಲ್ಲೇ ಗೊತ್ತಾಗುತ್ತದೆ.

ಈಗಾಗಲೇ ಗಾಳ ಕಚ್ಚಿದ್ದರೆ ಮೊದಲು ಜಿಮೇಲ್ ಪಾಸ್‌ವರ್ಡ್ ಬದಲಿಸಿ, ಗುರುತಿಲ್ಲದ ಫೋನುಗಳನ್ನೆಲ್ಲ ಅಲ್ಲಿಂದ ಹೊರಹಾಕಿ. ಹಣವೂ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಸೈಬರ್ ಅಪರಾಧ ನೋಡಿಕೊಳ್ಳುವ ಮಂಡ್ಯದ ಸೆನ್ ಠಾಣೆಗೂ ಹೋಗಿ ಬನ್ನಿ. ಮಗನನ್ನು ಬಯ್ಯುವ ಕೆಲಸ ಅದಾದ ಮೇಲೆ ಇಟ್ಟುಕೊಳ್ಳಿ.