ಬೋರ್ಡ್ ನೋಡಿ ಚರ್ಚಿನ ವಯಸ್ಸು ಹೇಳ್ಬೇಡಿ!

ಬೆಂಗಳೂರಿನ ಪಾಲಿಕೆ ಕೇಂದ್ರ ಕಚೇರಿ ಹತ್ತಿರ ಸಿಗ್ನಲ್ಲಿನಲ್ಲಿ ಸಿಕ್ಕಿಹಾಕಿಕೊಂಡವರೆಲ್ಲ ಅಲ್ಲಿರುವ ಕಲ್ಲಿನ ಚರ್ಚನ್ನು ನೋಡಿಯೇ ಇರ್ತೀರಿ. ಚೂಪು ಕಮಾನಿನ ಕಿಟಕಿ, ಬಣ್ಣದ ಗಾಜು. ಹೆಸರು ಹಡ್ಸನ್ ಸ್ಮಾರಕ ಚರ್ಚ್. ಆ ವೃತ್ತಕ್ಕೂ ಹಡ್ಸನ್ ಸರ್ಕಲ್ ಅಂತಲೇ ಹೆಸರು. ಯಾರು ಸ್ವಾಮಿ ಈ ಹಡ್ಸನ್? ಈ ಚರ್ಚ್ ಕಟ್ಟಿಸಿದವರಾ?

ಅಲ್ಲ. ಹೆಸರಲ್ಲೇ ಉತ್ತರ ಇದೆ ನೋಡಿ, 'ಸ್ಮಾರಕ'. ಜೋಸಯ್ಯ ಹಡ್ಸನ್ ಶಿಕ್ಷಣದ ಕೆಲಸಕ್ಕೆ ಹೆಸರಾಗಿದ್ದ ವೆಸ್ಲಿಯನ್ ಮಿಷನರಿ. ಅವರು ತೀರಿಕೊಂಡ ಮೇಲೆ, ಅವರ ನೆನಪಿಗೆ 1904ರಲ್ಲಿ ಆದ ಕಟ್ಟಡ ಇದು. ಸರಿ, ಹಾಗಾದ್ರೆ ಬೋರ್ಡಿನಲ್ಲಿ ಸಿ.ಎಸ್.ಐ. ಅಂತಿದೆಯಲ್ಲ, ಅವರು ಕಟ್ಟಿಸಿದ್ದಾ? ಅದೂ ಅಲ್ಲ. ಸಿ.ಎಸ್.ಐ., ಅಂದ್ರೆ ದಕ್ಷಿಣ ಭಾರತ ಸಭೆ, ಹುಟ್ಟಿದ್ದೇ 1947ರ ಸೆಪ್ಟೆಂಬರ್ 27ರಂದು. ಕಟ್ಟಡಕ್ಕೆ ಆಗಲೇ ನಲವತ್ತಮೂರು ವರ್ಷ. ಹೋಗಲಿ, ಈ ಮಿಷನ್ನಿನವರು ಬೆಂಗಳೂರಿಗೆ ಬಂದಿದ್ದಾದರೂ 1904ರಲ್ಲಾ? ಅದೂ ತಪ್ಪು. ವೆಸ್ಲಿಯನ್ನರು ಇಲ್ಲಿಗೆ ಬಂದಿದ್ದು 1821ರಲ್ಲಿ. ಕನ್ನಡಿಗರ ನಡುವೆ ಅವರ ಕೆಲಸ ಗಟ್ಟಿಯಾಗಿ ಶುರುವಾಗಿದ್ದು 1830ರ ದಶಕದಲ್ಲಿ.

ಒಂದೇ ಕಟ್ಟಡ, ಮೂರು ಪ್ರಶ್ನೆ, ಮೂರಕ್ಕೂ ಮೊದಲು ಹೊಳೆಯುವ ಉತ್ತರ ತಪ್ಪು. ನಿಮ್ಮ ಊರಿನ ಹಳೇ ಚರ್ಚಿನ ಕಥೆಯೂ ಹೀಗೇ ಇರಬಹುದು. ಅದನ್ನು ಹುಡುಕುವುದು ಹೇಗೆ, ಯಾಕೆ ಹುಡುಕಬೇಕು ಅನ್ನೋದನ್ನು ಇವತ್ತು ನೋಡೋಣ.

ಕಟ್ಟಡ ಬೇರೆ, ಸಭೆ ಬೇರೆ, ಸಂಸ್ಥೆ ಬೇರೆ

ಮೊದಲ ಪಾಠ ಇದು. ಕಟ್ಟಡಕ್ಕೆ ಒಂದು ವಯಸ್ಸು. ಅದರಲ್ಲಿ ಸೇರುವ ಜನರ ಗುಂಪು, ಅಂದ್ರೆ ಸಭೆಗೆ ಇನ್ನೊಂದು ವಯಸ್ಸು. ಆ ಸಭೆ ಯಾವ ಸಂಸ್ಥೆಗೆ ಸೇರಿದೆಯೋ ಅದಕ್ಕೆ ಮತ್ತೊಂದು. ಜನ ಮೊದಲು ಯಾರದೋ ಮನೆಯಲ್ಲೋ ಶಾಲೆಯ ಕೊಠಡಿಯಲ್ಲೋ ಸೇರ್ತಾರೆ. ಆಮೇಲೆ ಪುಟ್ಟ ಪ್ರಾರ್ಥನಾ ಮಂದಿರ. ದುಡ್ಡು ಕೂಡಿದ ಮೇಲೆ ದೊಡ್ಡ ಚರ್ಚ್. ಗೋಡೆಯ ಮೇಲಿನ ಕಲ್ಲು ಇದರಲ್ಲಿ ಒಂದು ಹಂತವನ್ನು ಮಾತ್ರ ಹೇಳುತ್ತೆ. ಅದೂ ಅಡಿಗಲ್ಲು ಇಟ್ಟ ದಿನವೋ, ಪ್ರತಿಷ್ಠೆಯಾದ ದಿನವೋ, ಪೂರ್ತಿ ಓದಬೇಕು. 'ನೂರು ವರ್ಷ ಆಯ್ತು' ಅಂತ ಬ್ಯಾನರ್ ಕಟ್ಟೋ ಮುಂಚೆ, ಯಾವುದಕ್ಕೆ ನೂರು ವರ್ಷ ಅಂತ ಕೇಳಿಕೊಳ್ಳಿ.

ಮೆಥೊಡಿಸ್ಟ್ ಅಂದ್ರೆ ಒಬ್ಬರಲ್ಲ, ಇಬ್ಬರು

ಮೆಥೊಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ, ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಪಾದ್ರಿ. ಆಕ್ಸ್‌ಫರ್ಡ್‌ನಲ್ಲಿ ಅವರ ಗೆಳೆಯರ ಗುಂಪು ಓದು, ಪ್ರಾರ್ಥನೆ, ಸೇವೆ ಎಲ್ಲವನ್ನೂ ಗಡಿಯಾರ ನೋಡಿಕೊಂಡು ಮಾಡೋರು. ಅದಕ್ಕೆ ಉಳಿದವರು ಗೇಲಿ ಮಾಡಿ ಇಟ್ಟ ಅಡ್ಡಹೆಸರು ಮೆಥೊಡಿಸ್ಟ್, ಅಂದ್ರೆ ಕ್ರಮದವರು. ಗೇಲಿಯೇ ಹೆಸರಾಗಿ ಉಳೀತು.

ನಮ್ಮ ಕರ್ನಾಟಕಕ್ಕೆ ಇವರು ಎರಡು ದಾರಿಯಲ್ಲಿ ಬಂದರು. ಇಂಗ್ಲೆಂಡಿನಿಂದ ಬಂದ ವೆಸ್ಲಿಯನ್ನರು ಹಳೇ ಮೈಸೂರು ಸೀಮೆಯಲ್ಲಿ ಬೇರು ಬಿಟ್ಟರು. ಬೆಂಗಳೂರು, ಗುಬ್ಬಿ, ತುಮಕೂರು, ಮೈಸೂರು ಇವೆಲ್ಲ ಅವರ ನೆಲೆ. ಗುಬ್ಬಿಯಲ್ಲಿ ಥಾಮಸ್ ಹಾಡ್ಸನ್ ಕೆಲಸ ಶುರು ಮಾಡಿದ್ದು 1837ರಲ್ಲಿ. ಹುಷಾರು, ಇವರು ಹಾಡ್ಸನ್, ಆಗ ಹೇಳಿದವರು ಹಡ್ಸನ್. ಒಂದು ಅಕ್ಷರ ತಪ್ಪಿದರೆ ಇಬ್ಬರ ಚರಿತ್ರೆ ಕಲಸಿಹೋಗುತ್ತೆ.

ಅಮೆರಿಕದಿಂದ ಬಂದ ಮೆಥೊಡಿಸ್ಟರು ಇನ್ನೊಂದು ಕಡೆ. ಬೆಂಗಳೂರಿನ ಬಾಲ್ಡ್ವಿನ್ ಶಾಲೆಗಳು, ಕೋಲಾರದ ಆಸ್ಪತ್ರೆ, ಬೀದರ್, ರಾಯಚೂರು, ಬೆಳಗಾವಿ ಕಡೆಯ ಚರ್ಚುಗಳು ಇವರವು. ಅದರಲ್ಲೂ ಒಂದು ತಿರುವು ಇದೆ. ಬೆಳಗಾವಿಯಲ್ಲಿ 1820ರಿಂದ ಕೆಲಸ ಮಾಡ್ತಾ ಇದ್ದದ್ದು ಲಂಡನ್ ಮಿಷನ್. ಅವರು ಅದನ್ನು ಅಮೆರಿಕನ್ ಮೆಥೊಡಿಸ್ಟರಿಗೆ ಒಪ್ಪಿಸಿದ್ದು 1904ರಲ್ಲಿ. ಅಲ್ಲಿನ ಹಳೇ ಕಾಗದ ಹುಡುಕುವವರು ಮೆಥೊಡಿಸ್ಟ್ ಕಡತ ಮಾತ್ರ ನೋಡಿದರೆ, ಮೊದಲ ಎಂಬತ್ತು ವರ್ಷ ಕಣ್ಣಿಗೇ ಬೀಳಲ್ಲ.

ಹೆಸರೇ ಗಡಿಯಾರ

ಈಗ ಉಪಯೋಗಕ್ಕೆ ಬರುವ ಒಂದು ಸೂತ್ರ ಹೇಳ್ತೀನಿ, ಬರೆದಿಟ್ಟುಕೊಳ್ಳಿ. ಇಂಗ್ಲೆಂಡಿನ ಸಾಲಿನ ಚರ್ಚಾದರೆ, 1932ರವರೆಗಿನ ಕಾಗದದಲ್ಲಿ 'ವೆಸ್ಲಿಯನ್' ಅಂತಿರುತ್ತೆ. ಆ ವರ್ಷ ಇಂಗ್ಲೆಂಡಿನಲ್ಲಿ ಬೇರೆ ಬೇರೆ ಮೆಥೊಡಿಸ್ಟ್ ಗುಂಪುಗಳು ಒಂದಾದವು. ಅಲ್ಲಿಂದ 1947ರವರೆಗೆ ಬರೀ 'ಮೆಥೊಡಿಸ್ಟ್'. ಆಮೇಲೆ ಸಿ.ಎಸ್.ಐ. ಅಮೆರಿಕದ ಸಾಲಿನದ್ದಾದರೆ 1939ರವರೆಗೆ 'ಮೆಥೊಡಿಸ್ಟ್ ಎಪಿಸ್ಕೋಪಲ್', ಆಮೇಲೆ 'ಮೆಥೊಡಿಸ್ಟ್'. 1981ರಿಂದ 'ಮೆಥೊಡಿಸ್ಟ್ ಚರ್ಚ್ ಇನ್ ಇಂಡಿಯಾ'. ಇವರು ಸಿ.ಎಸ್.ಐ.ಗೆ ಸೇರಲೇ ಇಲ್ಲ.

ಇದರ ಅರ್ಥ ಏನು? ಇವತ್ತು ಮೆಥೊಡಿಸ್ಟ್ ಅಂತ ಬೋರ್ಡ್ ಇರೋ ಚರ್ಚ್ ಹೆಚ್ಚಾಗಿ ಅಮೆರಿಕದ ಸಾಲಿನದು. ಹಳೇ ಮೈಸೂರಿನ ಅಸಲಿ ಮೆಥೊಡಿಸ್ಟ್ ಕಟ್ಟಡಗಳ ಮೇಲೆ ಆ ಬೋರ್ಡೇ ಇಲ್ಲ! ತಾರೀಖು ಹರಿದುಹೋದ ಒಂದು ರಸೀದಿ ನಿಮ್ಮ ಕೈಗೆ ಸಿಕ್ಕಿದರೂ, ಮೇಲಿನ ಹೆಸರು ನೋಡಿ ಅದು ಯಾವ ಕಾಲದ್ದು ಅಂತ ಸುಮಾರಾಗಿ ಹೇಳಬಹುದು.

ಎಲ್ಲಿ ಹುಡುಕಬೇಕು?

ಕಟ್ಟಡದಿಂದಲೇ ಶುರು ಮಾಡಿ. ಗೋಡೆಯ ಕಲ್ಲು, ಹಿತ್ತಾಳೆ ಫಲಕ, ಗಂಟೆಯ ಮೇಲೆ ಎರಕ ಹೊಯ್ದ ಅಕ್ಷರ, ಬೆಂಚಿನ ಹಿಂದಿನ ಹೆಸರು, ಸಮಾಧಿಯ ಕಲ್ಲು. ಎಲ್ಲದರ ಫೋಟೋ ತೆಗೀರಿ. ಸೂರಿನ ಹೆಂಚನ್ನು ತಿರುಗಿಸಿ ನೋಡಿ, ಕಾರ್ಖಾನೆಯ ಮುದ್ರೆ ಇರಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಆ ಮುದ್ರೆಯ ಹೆಂಚು ಅದಕ್ಕಿಂತ ಹಳೇದಾಗಿರೋಕೆ ಸಾಧ್ಯವೇ ಇಲ್ಲ. ಆದರೆ ಸೂರು ಮಧ್ಯೆ ಬದಲಾಗಿರಬಹುದು, ಅದನ್ನು ಮರೀಬೇಡಿ.

ಎರಡನೇದು ಬೀರುವಿನಲ್ಲಿರೋ ರಿಜಿಸ್ಟರುಗಳು. ದೀಕ್ಷಾಸ್ನಾನ, ಮದುವೆ, ಸಾವು, ಮೂರಕ್ಕೂ ಬೇರೆ ಬೇರೆ ಪುಸ್ತಕ ಇಡುವ ಪದ್ಧತಿ ಇತ್ತು. ಜೊತೆಗೆ ಸಭೆಯ ಲೆಕ್ಕಪತ್ರ, ನಡಾವಳಿ ಪುಸ್ತಕ.

ಮೂರನೇದು ಜಮೀನಿನ ಕಾಗದ. ಇಲ್ಲಿ ಭೂಪಟ ಮುಂದಿಟ್ಟುಕೊಳ್ಳಿ. ಇವತ್ತಿನ ಕರ್ನಾಟಕ ಆಗ ಒಂದೇ ಸರ್ಕಾರದ ಕೆಳಗೆ ಇರಲಿಲ್ಲ. ತುಮಕೂರಿನ ಚರ್ಚಿನ ಜಾಗದ ಕಡತ ಮೈಸೂರು ಸಂಸ್ಥಾನದ ದಾಖಲೆಯಲ್ಲಿ ಇರಬೇಕು, ಅಂದ್ರೆ ಕರ್ನಾಟಕ ರಾಜ್ಯ ಪತ್ರಾಗಾರದ ಕಡೆ ಹೋಗಬೇಕು. ಬೆಳಗಾವಿ ಇದ್ದದ್ದು ಬಾಂಬೆ ಪ್ರಾಂತ್ಯದಲ್ಲಿ, ಮುಂಬೈ ಪತ್ರಾಗಾರ ನೋಡಬೇಕು. ಬೀದರ್, ರಾಯಚೂರು ನಿಜಾಮರ ಕೈಯಲ್ಲಿದ್ದವು, ಹೈದರಾಬಾದ್ ದಾರಿ ಹಿಡೀಬೇಕು. ಬೆಂಗಳೂರಲ್ಲೇ ಪೇಟೆ ಮೈಸೂರಿನದು, ದಂಡು ಪ್ರದೇಶದ ಆಡಳಿತ ಬ್ರಿಟಿಷರದು. ಒಂದೇ ಊರು, ಎರಡು ಸರ್ಕಾರದ ಫೈಲು!

ನಾಲ್ಕನೇದು ಮಿಷನ್ನಿನ ಪತ್ರಗಳು. ವೆಸ್ಲಿಯನ್ ಮಿಷನರಿಗಳು ತಮ್ಮ ಕೇಂದ್ರಕ್ಕೆ ಬರೆದ ಪತ್ರ, ವರದಿಗಳ ಸಂಗ್ರಹ ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿದೆ. ಅಮೆರಿಕನ್ ಮೆಥೊಡಿಸ್ಟರದ್ದು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿ. ಅಷ್ಟು ದೂರ ಹೋಗೋಕಾಗಲ್ಲ ಅನ್ನೋರು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ಸಂಗ್ರಹದಿಂದ ಶುರು ಮಾಡಬಹುದು.

ಹುಡುಕುವಾಗ ಇಂಗ್ಲಿಷರು ಬರೆದ ಹಾಗೇ ಹುಡುಕಬೇಕು. ಅವರ ಕಿವಿಗೆ ಗುಬ್ಬಿ 'ಗೂಬಿ' ಆಗಿತ್ತು, ತುಮಕೂರು 'ಟೂಮ್‌ಕೂರ್', ನಮ್ಮ ಕನ್ನಡ 'ಕ್ಯಾನರೀಸ್'. ಈಗಿನ ಹೆಸರು ಟೈಪ್ ಮಾಡಿ ಏನೂ ಸಿಗಲಿಲ್ಲ ಅಂತ ಎದ್ದು ಬರಬೇಡಿ.

ಓದೋದು ಒಂದು, ನಂಬೋದು ಇನ್ನೊಂದು

ಮಿಷನರಿ ವರದಿಗಳನ್ನು ಓದುವಾಗ ಒಂದು ಎಚ್ಚರ ಬೇಕು. ಅವು ಇಂಗ್ಲೆಂಡಿನ, ಅಮೆರಿಕದ ದಾನಿಗಳಿಗೆ ಬರೆದದ್ದು. ಕೆಲಸ ಚೆನ್ನಾಗಿ ನಡೀತಿದೆ, ಇನ್ನಷ್ಟು ಹಣ ಬೇಕು ಅನ್ನೋದು ಸಾಲುಗಳ ನಡುವೆ ಇದ್ದೇ ಇರುತ್ತೆ. ನಮ್ಮ ಜನರನ್ನು, ನಮ್ಮ ದೇವರನ್ನು ಕೀಳಾಗಿ ಕಂಡ ಮಾತುಗಳೂ ಸಿಗುತ್ತವೆ. ಹಾಗಂತ ಎಸೆಯೋ ಹಾಗಿಲ್ಲ. ವರದಿ ಹೇಳಿದ್ದನ್ನು ರಿಜಿಸ್ಟರ್ ಒಪ್ಪುತ್ತಾ, ರಿಜಿಸ್ಟರ್ ಹೇಳಿದ್ದನ್ನು ಜಮೀನಿನ ಕಾಗದ ಒಪ್ಪುತ್ತಾ, ಊರಿನ ಹಿರಿಯರ ನೆನಪು ಏನು ಹೇಳುತ್ತೆ, ತಾಳೆ ನೋಡಿ. ಎರಡು ಸಾಕ್ಷಿ ಒಂದೇ ಮಾತು ಹೇಳಿದಾಗ ಮಾತ್ರ ಬರೀರಿ.

ಹೀಗೆ ತಾಳೆ ನೋಡಿದಾಗ ಅಚ್ಚರಿಗಳೂ ಸಿಗುತ್ತವೆ. 1849ರಲ್ಲಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಿಂದ ಒಂದು ಪುಸ್ತಕ ಹೊರಬಂತು. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಅಕ್ಕಪಕ್ಕ. ಸಂಪಾದಕರು ಪಾದ್ರಿ ಜಾನ್ ಗ್ಯಾರೆಟ್. ಪುಸ್ತಕ ಯಾವುದು ಗೊತ್ತಾ? ಭಗವದ್ಗೀತೆ! ಮೈಸೂರಿನಲ್ಲಿ ಇದೇ ಮಿಷನ್ನಿನ ಹೆನ್ರಿ ಹೇಗ್ 1887ರಲ್ಲಿ 'ವೃತ್ತಾಂತ ಪತ್ರಿಕೆ' ಅನ್ನೋ ಕನ್ನಡ ವಾರಪತ್ರಿಕೆ ಶುರು ಮಾಡಿದರು. ಮಿಷನ್ ಅಂದ ಕೂಡಲೇ ನಮ್ಮ ಸ್ಟುಡಿಯೋಗಳಲ್ಲಿ ಎರಡೇ ಕೂಗು ಕೇಳುತ್ತೆ. ಎಲ್ಲ ಅವರೇ ಕೊಟ್ಟಿದ್ದು ಅನ್ನೋದು ಒಂದು, ಎಲ್ಲ ಮತಾಂತರಕ್ಕೇ ಅನ್ನೋದು ಇನ್ನೊಂದು. ಮತ ಹರಡೋಕೆ ಬಂದಿದ್ದರು ಅನ್ನೋದನ್ನು ಅವರೇ ಮುಚ್ಚಿಟ್ಟಿಲ್ಲ. ಆದರೆ ಕಾಗದ ತೆರೆದು ನೋಡಿದರೆ, ಎರಡೂ ಕೂಗಿಗೆ ಪೂರ್ತಿ ಸಿಗದ ಚಿತ್ರ ಕಾಣುತ್ತೆ.

ಯಾಕೆ ಇಷ್ಟೆಲ್ಲ?

ರಾಜರ ಹೆಸರು ಶಾಸನದಲ್ಲಿದೆ. ಜಮೀನ್ದಾರರ ಹೆಸರು ಪಹಣಿಯಲ್ಲಿದೆ. ಜಮೀನೂ ಇಲ್ಲದ, ಓದೂ ಇಲ್ಲದ ಕೂಲಿಯವನ ಹೆಸರು ಎಲ್ಲಿದೆ? ಕೆಲವು ಕುಟುಂಬಗಳ ಪಾಲಿಗೆ ಮುತ್ತಜ್ಜಿಯ ಹೆಸರನ್ನು ಮೊದಲ ಸಲ ಯಾರೋ ಬರೆದಿಟ್ಟ ಜಾಗ ಅಂದ್ರೆ ಈ ದೀಕ್ಷಾಸ್ನಾನದ ರಿಜಿಸ್ಟರೇ. ಹೆಸರು, ತಂದೆ ತಾಯಿ, ಊರು, ಕಸುಬು, ಒಂದು ಸಾಲು. ಆ ಸಾಲು ಹೋದರೆ ಇನ್ನೊಂದು ಪ್ರತಿ ಸಿಗದೇ ಹೋಗಬಹುದು.

ಮತ್ತೆ ಅದು ಹೋಗುತ್ತೆ ಸ್ವಾಮಿ. ಗೆದ್ದಲು ತಿನ್ನುತ್ತೆ, ಮಳೆನೀರು ಸೋರುತ್ತೆ. ಜಾಗ ಸಾಲಲ್ಲ ಅಂತ ಹಳೇ ಕಟ್ಟಡ ಒಡೆದು ಕಾಂಕ್ರೀಟಿನದು ಎಬ್ಬಿಸ್ತಾರೆ. ಆಗ ಅಡಿಗಲ್ಲು ಮಣ್ಣಿನ ಲಾರಿ ಹತ್ತುತ್ತೆ, ಬೀರುವಿನ ಕಾಗದ ರದ್ದಿಗೆ ಹೋಗುತ್ತೆ. ಯಾರದೂ ಕೆಟ್ಟ ಉದ್ದೇಶ ಇರಲ್ಲ. ಅದು ಏನು ಅಂತ ಗೊತ್ತಿರಲ್ಲ, ಅಷ್ಟೇ. ಆಮೇಲೆ ಒಂದು ದಿನ ರಸ್ತೆ ಅಗಲೀಕರಣವೋ ಜಾಗದ ತಕರಾರೋ ಬಂದಾಗ, ದಾಖಲೆ ಕೊಡಿ ಅಂತ ಕೇಳಿದರೆ, ಕೈಯಲ್ಲಿ ಉಳಿದಿರೋದು ಹಿರಿಯರು ಹೇಳ್ತಿದ್ದರು ಅನ್ನೋ ಮಾತು ಒಂದೇ.

ಹಾಗಾಗಿ ಈ ಭಾನುವಾರ ಒಂದು ಕೆಲಸ ಮಾಡಿ. ಹತ್ತಿರದ ಹಳೇ ಚರ್ಚಿಗೆ ಹೋಗಿ. ನೀವು ಯಾವ ಧರ್ಮದವರಾದರೂ ಸರಿ, ಊರು ನಿಮ್ಮದೂ ಹೌದು. ಪಾದ್ರಿಯವರ ಅನುಮತಿ ಕೇಳಿ ಅಡಿಗಲ್ಲಿನ ಫೋಟೋ ತೆಗೀರಿ. ಅಲ್ಲಿನ ಅತಿ ಹಿರಿಯರ ಪಕ್ಕ ಕೂತು ಅರ್ಧ ಗಂಟೆ ಮಾತು ಕೇಳಿಸಿಕೊಳ್ಳಿ. ರಿಜಿಸ್ಟರ್ ಎಲ್ಲಿದೆ, ಹೇಗಿದೆ ಅಂತ ವಿಚಾರಿಸಿ. ಅವರು ಒಪ್ಪಿದರೆ ಪುಟಗಳನ್ನು ಮೊಬೈಲಿನಲ್ಲಿ ಸೆರೆಹಿಡಿದು ಒಂದು ಪ್ರತಿ ಅವರಿಗೇ ಕೊಡಿ. ದೇವಸ್ಥಾನದ ಕಲ್ಬರಹಕ್ಕೂ ಇದೇ ಕೆಲಸ ಮಾಡಬಹುದು, ದರ್ಗಾದ ಹಳೇ ಕಾಗದಕ್ಕೂ ಮಾಡಬಹುದು.

ಇಷ್ಟಾದ ಮೇಲೆ ಯಾರಾದರೂ ಬಂದು ಈ ಕಟ್ಟಡ ಯಾರು ಕಟ್ಟಿದ್ದು, ಯಾವಾಗ ಕಟ್ಟಿದ್ದು ಅಂತ ಕೇಳಿದರೆ, ನೀವು ಬೋರ್ಡ್ ತೋರಿಸಬೇಕಿಲ್ಲ. ಕಾಗದ ತೋರಿಸಿ.